ನಯಾಗರಾ ನೋಡಿದ ಮೇಲೆ ಲೆಚ್‌ವರ್ತ್ ಏಕೆ?

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿರುವ ಮಗನ ಮನೆಗೆ ಬಂದಿದ್ದೇವೆ. ನಯಾಗರಾ ನೋಡಿಯಾಯಿತು. ಅಕ್ಟೋಬರಿನಲ್ಲಿ ಲೆಚ್‌ವರ್ತ್ ಸ್ಟೇಟ್ ಪಾರ್ಕಿಗೆ ಹೋಗೋಣ ಎನ್ನುತ್ತಾನೆ. ನಯಾಗರಾ ಕಂಡವರು ಹಣ ತೆತ್ತು ಇನ್ನೂ ಚಿಕ್ಕ ಜಲಪಾತಗಳನ್ನು ನೋಡಬೇಕೇ? ಮಂಡಿನೋವಿನ ನಮ್ಮಂಥವರು ಅಲ್ಲಿ ಮಾಡುವುದಾದರೂ ಏನು? ನದಿಗಿಳಿದು ಸ್ನಾನ ಮಾಡಬಹುದೇ?

ಉತ್ತರ: ಮಾನ್ಯರೇ, ಜಲಪಾತದ ಗಾತ್ರವೊಂದನ್ನೇ ಲೆಕ್ಕ ಹಿಡಿದರೆ ತಮ್ಮ ಸಂಶಯ ಸರಿ. ಜೆನೆಸೀ ನದಿಯ ಮೂರು ಜಲಪಾತಗಳಲ್ಲಿ ಎತ್ತರವಾದ ನಡುವಿನದೂ ಸುಮಾರು 107 ಅಡಿಯಷ್ಟೇ. ಆದರೆ ನಯಾಗರಾದಲ್ಲಿ ಕಟಕಟೆ ಹಿಡಿದು ನಿಂತು ನೋಡಿ ಹಿಂದಿರುಗುತ್ತೇವೆ. ಇಲ್ಲಿ ಹದಿನೇಳು ಮೈಲಿ ಉದ್ದದ, ಕೆಲವೆಡೆ 550 ಅಡಿಗೂ ಆಳವಾದ ಕಮರಿಯ ಅಂಚಿನಲ್ಲೇ ಇಡೀ ಹಗಲನ್ನು ಕಳೆಯಬಹುದು. ಹಿಮಯುಗದಲ್ಲಿ ಹಿಮನದಿ ತಂದು ಸುರಿದ ಮಣ್ಣುಕಲ್ಲುಗಳಿಂದ ಹಳೆಯ ಪಾತ್ರ ಮುಚ್ಚಿಹೋದಾಗ, ಉತ್ತರಕ್ಕೆ ಹರಿಯುವ ಈ ನದಿ ಪದರಗಲ್ಲನ್ನು ಕೊರೆದು ಹೊಸ ದಾರಿ ಮಾಡಿಕೊಂಡಿತು. ಆ ದಾರಿಯೇ ಈ ಕಮರಿ.

ಈ ಜಾಗ ಉಳಿದ ಬಗೆಯನ್ನು ತಿಳಿದು ಹೋದರೆ ನೋಟಕ್ಕೆ ಬೇರೆಯೇ ತೂಕ ಬರುತ್ತದೆ. ಬಫಲೋ ನಗರದ ವ್ಯಾಪಾರಿ ವಿಲಿಯಂ ಪ್ರಯರ್ ಲೆಚ್‌ವರ್ತ್ 1859ರಲ್ಲಿ ನಡುವಿನ ಜಲಪಾತದ ಮೇಲ್ಗಡೆ ಜಮೀನು ಕೊಂಡು, ಮರಗಳನ್ನು ಕಡಿದು ಬೋಳಾಗಿದ್ದ ದಂಡೆಯಲ್ಲಿ ಮತ್ತೆ ಗಿಡ ನೆಡಿಸಿದರು. ಅಣೆಕಟ್ಟು ಕಟ್ಟಿ ನದಿಯ ನೀರನ್ನು ಬಳಸಿಕೊಳ್ಳುವ ಯೋಜನೆಗಳು ಹುಟ್ಟಿಕೊಂಡಾಗ, 1906ರಲ್ಲಿ ತಮ್ಮ ಸುಮಾರು ಒಂದು ಸಾವಿರ ಎಕರೆಯನ್ನು ರಾಜ್ಯಕ್ಕೆ ದಾನವಾಗಿ ಬರೆದುಕೊಟ್ಟರು. ಇಂದು ಉದ್ಯಾನ ಹದಿನಾಲ್ಕು ಸಾವಿರ ಎಕರೆ ದಾಟಿದೆ. ಲಿಂಗನಮಕ್ಕಿಯ ನಂತರ ಜೋಗದ ವೈಭವ ಮಳೆಗಾಲಕ್ಕೆ ಸೀಮಿತವಾದುದನ್ನು ಬಲ್ಲ ನಮಗೆ ಆ ದಾನದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಲೆಚ್‌ವರ್ತರಿಗೂ ಮೊದಲು ಇದು ಸೆನೆಕಾ ಎಂಬ ಮೂಲನಿವಾಸಿ ಜನರ ನೆಲ. ಅವರ ಹಳೆಯ ಸಭಾಗೃಹವನ್ನು ಬೇರೆಡೆಯಿಂದ ತಂದು ಇಲ್ಲಿ ಮರುಜೋಡಿಸಿದ್ದಾರೆ. ಪಕ್ಕದಲ್ಲೇ, ಬಿಳಿಯರ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಸೆರೆಸಿಕ್ಕು ಸೆನೆಕಾ ಹೆಣ್ಣಾಗಿಯೇ ಬಾಳಿದ ಮೇರಿ ಜೆಮಿಸನ್ನಳ ಸಮಾಧಿ ಮತ್ತು ಪ್ರತಿಮೆಗಳಿವೆ. ಜಲಪಾತದ ಚಿತ್ರ ತೆಗೆದುಕೊಂಡು ಹೊರಟುಬಿಡುವವರು ಇದನ್ನು ತಪ್ಪಿಸಿಕೊಳ್ಳುತ್ತಾರೆ.

ಮಂಡಿನೋವಿನ ವಿಷಯಕ್ಕೆ ಬರೋಣ. ರಾಚೆಸ್ಟರಿನಿಂದ ಹೋಗುವವರು ಉತ್ತರದ ಮೌಂಟ್ ಮಾರಿಸ್ ದ್ವಾರದಿಂದ ಒಳಹೊಕ್ಕು ದಕ್ಷಿಣಕ್ಕೆ ಸಾಗುವುದು ಒಳ್ಳೆಯದು. ಕಮರಿಯ ಅಂಚಿನ ರಸ್ತೆಯಲ್ಲಿ ಅಲ್ಲಲ್ಲಿ ಕಾರು ನಿಲ್ಲಿಸಿ ನೋಡಲು ಕಟ್ಟೆಗಳಿವೆ. ಮೊದಲಿಗೆ ಸಿಗುವ ಅಣೆಕಟ್ಟು 1952ರಲ್ಲಿ ಮುಗಿದದ್ದು, ಪ್ರವಾಹ ತಡೆಯಲಷ್ಟೇ ಕಟ್ಟಿದ್ದು. ಉಳಿದ ಕಾಲದಲ್ಲಿ ಅದು ನದಿಯನ್ನು ಹರಿಯಲು ಬಿಡುತ್ತದೆ. ದಕ್ಷಿಣದ ತುದಿಯಲ್ಲಿ, ಲೆಚ್‌ವರ್ತರ ಮನೆಯಾಗಿದ್ದು ಈಗ ವಸತಿಗೃಹವಾಗಿರುವ ಗ್ಲೆನ್ ಐರಿಸ್ ಬಳಿಯಿಂದ ನಡುವಿನ ಜಲಪಾತಕ್ಕೆ ನಾಲ್ಕು ಹೆಜ್ಜೆ. ಇನ್‌ಸ್ಪಿರೇಷನ್ ಪಾಯಿಂಟ್ ಎಂಬಲ್ಲಿಂದ ಮೇಲಿನ ಮತ್ತು ನಡುವಿನ ಜಲಪಾತಗಳೆರಡೂ, ಅವುಗಳ ಹಿಂದಿನ ರೈಲು ಸೇತುವೆಯೂ ಒಂದೇ ನೋಟಕ್ಕೆ ಸಿಗುತ್ತವೆ. ಕೆಳಗಿನ ಜಲಪಾತಕ್ಕೆ ನೂರಕ್ಕೂ ಹೆಚ್ಚು ಕಲ್ಲುಮೆಟ್ಟಿಲುಗಳಿವೆ. ಅದನ್ನು ಮಗನಿಗೆ ಬಿಡಿ. ಊಟದ ಬುತ್ತಿ ಕಟ್ಟಿಕೊಂಡು ಹೋಗಿ, ಮರದಡಿಯ ಮೇಜುಗಳಿಗೆ ಕೊರತೆಯಿಲ್ಲ. ಪ್ರವೇಶ ಶುಲ್ಕ ತಲೆಗಲ್ಲ, ಕಾರಿಗೆ; ಹೀಗಾಗಿ ಮನೆಮಂದಿಯೆಲ್ಲ ಒಟ್ಟಿಗೆ ಹೋದಷ್ಟೂ ಅಗ್ಗ. ಎಲೆಗಳು ಬಣ್ಣ ತಿರುಗುವ ಅಕ್ಟೋಬರಿನ ಶನಿವಾರ, ಭಾನುವಾರಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಮಗನಿಗೆ ರಜೆ ಸಿಕ್ಕರೆ ವಾರದ ನಡುವೆ, ಬೆಳಗ್ಗೆಯೇ ಹೊರಡಿ.

ಸ್ನಾನದ ಆಸೆಯನ್ನು ಮಾತ್ರ ಬಿಡಬೇಕು. ನದಿಯಲ್ಲಿ ಈಜುವುದಕ್ಕೆ ಅಲ್ಲಿ ಅನುಮತಿಯಿಲ್ಲ, ಮತ್ತು ಈ ನಿಷೇಧ ಕಾಗದದ ಮೇಲಿನ ಮಾತಲ್ಲ: ಬಂಡೆಯ ಪದರಗಳು ಸಡಿಲ, ಅಂಚು ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಮೋಟುಗೋಡೆ ದಾಟಿ ಚಿತ್ರ ತೆಗೆಸಿಕೊಳ್ಳುವ ಚಪಲ ನಮ್ಮವರಲ್ಲಿ ತುಸು ಹೆಚ್ಚೇ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನೀರಿಗಿಳಿಯಲೇಬೇಕು ಎನ್ನುವವರಿಗೆ ಬೆಚ್ಚಗಿನ ತಿಂಗಳುಗಳಲ್ಲಿ ಮಾರ್ಗದರ್ಶಕರೊಡನೆ ರಬ್ಬರ್ ದೋಣಿಯಲ್ಲಿ ಸಾಗುವ ಏರ್ಪಾಡಿದೆ. ಮುಂದಿನ ಬೇಸಿಗೆಯವರೆಗೆ ತಾವು ಅಲ್ಲೇ ಇರುವುದಾದರೆ ಮಗನನ್ನು ಕೇಳಿ ನೋಡಿ.