ಆ ಹುದ್ದೆ ಯಾಕೆ ಖಾಲಿ ಬಿತ್ತು ಅಂತ ಕೇಳು

ತಂಗಿ, ಮೈಸೂರಿನಲ್ಲಿ ಸೈಕಾಲಜಿ ಎಂ.ಎಸ್ಸಿ. ಮುಗಿಸಿ, ಗಂಡನ ಜೊತೆ ನ್ಯೂಜೆರ್ಸಿಗೆ ಬಂದು ಮೂರು ತಿಂಗಳಾಯ್ತು ಅಂತ ಬರೆದಿದ್ದೀಯ. "ಇಲ್ಲಿ ಸ್ಕೂಲ್ ಸೈಕಾಲಜಿಸ್ಟ್ ಕೆಲಸ ಬೇಕಾದಷ್ಟು ಖಾಲಿ ಇದೆಯಂತೆ, ಅರ್ಜಿ ಹಾಕಲಾ ಅಕ್ಕ?" ಅಂತ ಕೇಳಿದ್ದೀಯ.

ಖಾಲಿ ಇರುವುದು ನಿಜ. ನಾನೂ ಅದೇ ಕೆಲಸದಲ್ಲಿದ್ದೇನಲ್ಲ, ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳನ್ನು ಪರೀಕ್ಷಿಸಿ, ಏನು ನೆರವು ಬೇಕು ಅಂತ ಹೇಳುವ ಕೆಲಸ. 500 ಮಕ್ಕಳಿಗೆ ಒಬ್ಬರಾದರೂ ಇರಬೇಕು ಅಂತ ನಮ್ಮ ರಾಷ್ಟ್ರೀಯ ಸಂಘ ಹೇಳುತ್ತದೆ. ಅಮೆರಿಕದ ಸರಾಸರಿ ನೋಡಿದರೆ ಒಬ್ಬರ ಪಾಲಿಗೆ ಸಾವಿರಕ್ಕೂ ಜಾಸ್ತಿ ಮಕ್ಕಳು. ಆದರೆ ಬರೀ ನಮ್ಮ ಎಂ.ಎಸ್ಸಿ. ಸಾಲುವುದಿಲ್ಲ. ನಾನು ಮತ್ತೆ ಓದಿದೆ. ಈ ಕೆಲಸಕ್ಕೆ ಬೇಕಾದ ಸ್ಪೆಷಲಿಸ್ಟ್ ಡಿಗ್ರಿಗೆ ಸುಮಾರು ಮೂರು ವರ್ಷ. ಅದರಲ್ಲಿ ಕೊನೆಯ ವರ್ಷ 1,200 ಗಂಟೆ ಇಂಟರ್ನ್‌ಶಿಪ್. ಆಮೇಲೆ ರಾಜ್ಯದ ಸರ್ಟಿಫಿಕೇಟ್. ನೀನು ಎಚ್-4ನಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾದಲ್ಲಿದ್ದರೆ ಕೆಲಸದ ಪರ್ಮಿಟ್ ಬೇರೆ ಬೇಕು. ಅದು ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕುವ ಐ-140 ಅರ್ಜಿ ಅಪ್ರೂವ್ ಆದ ಮೇಲಿನ ಮಾತು.

ಇದೆಲ್ಲ ಹೇಗೋ ಆಗುತ್ತದೆ. ನಾನು ಎಡವಿದ್ದು ಕೆಲಸ ಸಿಕ್ಕ ಮೇಲೆ.

ನನ್ನ ಮೊದಲ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಸೇರುವಾಗಲೇ ಬೋನಸ್ ಕೊಟ್ಟಿತು. ಖುಷಿಯಿಂದ ಸಹಿ ಹಾಕಿದೆ. ಹೋಗಿ ನೋಡಿದರೆ ಎರಡು ಶಾಲೆ, ನನಗೆ ಎಲ್ಲೂ ರೂಮಿಲ್ಲ. ಟೆಸ್ಟ್ ಕಿಟ್ ಕಾರಿನ ಡಿಕ್ಕಿಯಲ್ಲಿ. ಒಂದು ದಿನ ಪೇಪರ್ ಇಡುವ ಕೋಣೆಯಲ್ಲಿ ಏಳು ವರ್ಷದ ಹುಡುಗನನ್ನು ಕೂರಿಸಿಕೊಂಡಿದ್ದೆ. ಕೆಂಪು-ಬಿಳಿ ಬ್ಲಾಕ್ ಜೋಡಿಸುವ ಟೆಸ್ಟ್, ಕೈಯಲ್ಲಿ ಸ್ಟಾಪ್‌ವಾಚ್. ಪಕ್ಕದಲ್ಲಿ ಜೆರಾಕ್ಸ್ ಮಷಿನ್ ಶುರುವಾಯಿತು. ಹುಡುಗ ಬ್ಲಾಕ್ ಕೆಳಗಿಟ್ಟು ಅದನ್ನೇ ನೋಡುತ್ತಾ ಕೂತ. ಆ ಅಂಕ ನಂಬಿ ಅವನ ಬಗ್ಗೆ ನಾನು ಏನಂತ ಬರೆಯಲಿ?

ಜೊತೆಗಿದ್ದ ಇನ್ನೊಬ್ಬಳು ಡಿಸೆಂಬರ್‌ನಲ್ಲಿ ಬಿಟ್ಟು ಹೋದಳು. ಇಲ್ಲಿ ತಂದೆತಾಯಿ ಒಪ್ಪಿಗೆ ಕೊಟ್ಟ 90 ದಿನದೊಳಗೆ ಪರೀಕ್ಷೆ ಮುಗಿಸಿ, ಐಇಪಿ, ಅಂದರೆ ಆ ಮಗುವಿಗೇ ಅಂತ ಮಾಡುವ ಕಲಿಕೆಯ ಯೋಜನೆ, ಬರೆದು, ಜಾರಿಯೂ ಮಾಡಬೇಕು. ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಬೇರೆ. ಹುದ್ದೆ ಖಾಲಿ ಬಿದ್ದರೂ ಗಡುವು ನಿಲ್ಲುವುದಿಲ್ಲ, ಅವಳ ಫೈಲುಗಳೆಲ್ಲ ನನ್ನ ತಲೆಗೆ ಬಂದವು. ಮಕ್ಕಳ ಜೊತೆ ಕೂತು ಮಾತಾಡುವುದೇ ನಿಂತುಹೋಯಿತು, ಬರೀ ರಿಪೋರ್ಟ್. ಜೂನ್‌ನಲ್ಲಿ ನಾನೂ ಬಿಟ್ಟೆ. ಅವರು ಮತ್ತೆ ಬೋನಸ್ ಜಾಹೀರಾತು ಹಾಕಿದರು, ಅಷ್ಟೇ.

ಈಗಿನ ಕಡೆ ಸಂಬಳ ಸ್ವಲ್ಪ ಕಡಿಮೆಯೇ. ಒಂಬತ್ತು ವರ್ಷ ಆಯ್ತು, ಬಿಡುವ ಮನಸ್ಸು ಬಂದಿಲ್ಲ. ಬಾಗಿಲು ಮುಚ್ಚಬಹುದಾದ ಒಂದು ರೂಮಿದೆ. ಒಂದೇ ಶಾಲೆ. ಮೊದಲ ಎರಡು ವರ್ಷ ಹಿರಿಯರೊಬ್ಬರು ಪ್ರತಿ ಶುಕ್ರವಾರ ನನ್ನ ಕೇಸುಗಳನ್ನು ಕೂತು ನೋಡಿದರು. ಹೋದ ವರ್ಷ ಕನ್ನಡದ ತಾಯಿಯೊಬ್ಬರು ಒಪ್ಪಿಗೆ ಪತ್ರ ತಳ್ಳಿ, "ನನ್ನ ಮಗನಿಗೆ ಹುಚ್ಚು ಅಂತೀರಾ?" ಅಂದರು. ಕನ್ನಡದಲ್ಲೇ ಒಂದು ಗಂಟೆ ಮಾತಾಡಿದೆ. ಮೊದಲಿನ ಕಡೆ ಆ ಒಂದು ಗಂಟೆ ನನ್ನ ಹತ್ತಿರ ಇರುತ್ತಲೇ ಇರಲಿಲ್ಲ.

ಹಾಗಾಗಿ ಇಂಟರ್‌ವ್ಯೂನಲ್ಲಿ ಸಂಕೋಚ ಬೇಡ. ನನಗಿಂತ ಮೊದಲು ಇಲ್ಲಿದ್ದವರು ಯಾಕೆ ಹೋದರು, ಎಷ್ಟು ಮಕ್ಕಳು, ಎಷ್ಟು ಶಾಲೆ ಅಂತ ಕೇಳು. ರೂಮು ತೋರಿಸಿ ಅನ್ನು. ಹುದ್ದೆಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ಕೇಳು. ಟೆಕ್ಸಸ್‌ನ ಯುವಾಲ್ಡಿ ಊರಿನ ಶಾಲೆಯಲ್ಲಿ ಗುಂಡಿನ ದಾಳಿ ಆದ ಮೇಲೆ, 2022ರಲ್ಲಿ, ಶಾಲೆಗಳಿಗೆ ನಮ್ಮಂಥವರನ್ನು ತರಲು ಕೇಂದ್ರ ಸರ್ಕಾರ 100 ಕೋಟಿ ಡಾಲರ್ ಇಟ್ಟಿತ್ತು. 2025ರ ಏಪ್ರಿಲ್‌ನಲ್ಲಿ ಆ ಅನುದಾನಗಳನ್ನು ಮುಂದುವರಿಸುವುದಿಲ್ಲ ಅಂತ ಪತ್ರ ಬಂತು. ಅದನ್ನೇ ನಂಬಿದ ಹುದ್ದೆಗಳ ಗತಿ ನೀನೇ ಊಹಿಸು.

ಪರ್ಮಿಟ್ ಇದ್ದರೆ ಮೊದಲು ಸಬ್‌ಸ್ಟಿಟ್ಯೂಟ್ ಟೀಚರ್ ಆಗಿ ನಾಲ್ಕು ದಿನ ಹೋಗಿ ನೋಡು. ಶಾಲೆಯ ಒಳಗು ಗೊತ್ತಾಗುತ್ತದೆ. ನಿನ್ನ ಮಾರ್ಕ್ಸ್‌ಕಾರ್ಡ್‌ಗಳನ್ನು ಸ್ಕ್ಯಾನ್ ಮಾಡಿ ಕಳಿಸು, ಯಾವ ಕೋರ್ಸ್ ಲೆಕ್ಕಕ್ಕೆ ಬರಬಹುದು ನೋಡೋಣ. ಫೋನ್ ಮಾಡುವುದಾದರೆ ಶನಿವಾರ, ಹನ್ನೊಂದರ ಮೇಲೆ. ವಾರದ ದಿನ ಈಗ ರಿಪೋರ್ಟ್ ಕಾಟ.