ಸಂಪಾದಕರ ಉತ್ತರ: ಊರಿನ ಕಿಟಕಿಗಳನ್ನು ನೋಡಿ

ಪ್ರಿಯ ಓದುಗರೇ,

ರಜೆಗೆ ಮಕ್ಕಳನ್ನು ಮುಂಬೈ, ಕೋಲ್ಕತ್ತಾಗೆ ಕರೆದುಕೊಂಡು ಹೋಗಬೇಕು ಅಂತಿದ್ದೀರಿ. ಆದರೆ "ಈಗ ದೊಡ್ಡ ಊರುಗಳೆಲ್ಲ ಒಂದೇ ಥರ. ಫ್ಲೈಓವರ್, ಮಾಲ್, ಗಾಜಿನ ಕಟ್ಟಡ. ಅಷ್ಟು ದೂರ ಹೋಗಿ ನೋಡೋದೇನು?" ಎಂದು ಕೇಳಿದ್ದೀರಿ.

ಗಾಜಿನ ಕಟ್ಟಡಗಳ ವಿಷಯದಲ್ಲಿ ನಿಮ್ಮ ಮಾತು ನಿಜ. ಒಳಗೆ ಏಸಿ ಹಾಕಿಬಿಟ್ಟರೆ ಹೊರಗೆ ಬಿಸಿಲೋ ಮಳೆಯೋ, ಯಾರಿಗೆ ಬೇಕು? ಅದಕ್ಕೇ ಬೆಂಗಳೂರಿನಲ್ಲಿ ಕಟ್ಟಿದ್ದನ್ನೇ ಗುರುಗ್ರಾಮದಲ್ಲೂ ಕಟ್ಟುತ್ತಾರೆ. ಆದರೆ ಏಸಿ ಇಲ್ಲದ ಕಾಲದಲ್ಲಿ ಗಾಳಿ, ನೆರಳು, ಇರಚಲು ಎಲ್ಲವನ್ನೂ ಕಿಟಕಿಯೇ ನೋಡಿಕೊಳ್ಳಬೇಕಿತ್ತು, ಅಲ್ವಾ? ಊರಿನ ಹವೆ ಹೇಗೋ ಕಿಟಕಿ ಹಾಗೆ.

ಮುಂಬೈಯಲ್ಲಿ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿಳಿದು ಓವಲ್ ಮೈದಾನಕ್ಕೆ ನಡೆಯಿರಿ. ಸಂಜೆ ಐದರ ಹೊತ್ತಿಗೆ ಹೋದರೆ ಒಳ್ಳೆಯದು. ಪೂರ್ವಕ್ಕೆ ಹೈಕೋರ್ಟು, 1878ರಲ್ಲಿ ಮುಗಿದ ರಾಜಾಬಾಯಿ ಗಡಿಯಾರ ಗೋಪುರ. ಚೂಪು ಕಮಾನು, ಕೆತ್ತಿದ ಕಲ್ಲು. ಇಳಿಬಿಸಿಲು ನೇರವಾಗಿ ಅದರ ಮೈಮೇಲೆ ಬೀಳುತ್ತದೆ. ಈಗ ಸುಮ್ನೆ ಹಿಂದೆ ತಿರುಗಿ. ಪಶ್ಚಿಮಕ್ಕೆ 1930ರ ದಶಕದ, ಆರ್ಟ್ ಡೆಕೋ ಎಂಬ ಶೈಲಿಯ ಮನೆಗಳ ಸಾಲು. ದುಂಡನೆಯ ಬಾಲ್ಕನಿ, ತಿಳಿ ಬಣ್ಣ, ಪ್ರತಿ ಕಿಟಕಿಯ ಮೇಲೂ ಹುಬ್ಬು ತೀಡಿದ ಹಾಗೆ ಉದ್ದನೆಯ ಸಜ್ಜಾ. ಮುಂಬೈ ಮಳೆಗೆ ಅದು ಬೇಕೇ ಬೇಕು. ಒಂದು ಮೈದಾನ, ಎರಡು ಕಾಲ. 2018ರಲ್ಲಿ ಯುನೆಸ್ಕೋ ಈ ಎರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಇಡೀ ಮುಂಬೈಯಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಉತ್ತರ ಕೋಲ್ಕತ್ತಾದ ಗಲ್ಲಿಗಳಲ್ಲಿ ಹಸಿರು ಬಣ್ಣದ ಮರದ ಪಟ್ಟಿಗಳ ಕಿಟಕಿ. ಪಟ್ಟಿಗಳನ್ನು ಓರೆ ಮಾಡಿದರೆ ಸೆಖೆಯಲ್ಲೂ ಗಾಳಿ ಆಡುತ್ತದೆ. ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗೇನೂ ಕಾಣದು.

ಬೆಂಗಳೂರಿಗೆ ಇಷ್ಟು ಏರ್ಪಾಡು ಬೇಕಿರಲಿಲ್ಲ. ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರುವ ಊರು, ಸೆಖೆ ಕಡಿಮೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಕಿಟಕಿಯ ಮೇಲೆ ಮೊನಚಾದ ಮರದ ಚಪ್ಪರ ಇರುತ್ತದೆ, ಮಂಕಿ ಟಾಪ್ ಅಂತಾರೆ. ಒಂದೊಂದೇ ನೆಲಸಮವಾಗುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ರೈಲು ಹತ್ತುವ ಮೊದಲು ಮಕ್ಕಳಿಗೆ ಇದನ್ನೂ ತೋರಿಸಿ.

ಓವಲ್ ಮೈದಾನದಿಂದ ಮರೀನ್ ಡ್ರೈವ್‌ಗೆ ಹತ್ತು ನಿಮಿಷದ ನಡಿಗೆ. ಕತ್ತಲಾಗುವ ಮೊದಲೇ ಸಮುದ್ರದ ದಂಡೆ ಸೇರುತ್ತೀರಿ.

- ಸಂ.