ಅಪೀಲಿನ ಅವಧಿ ಮುಗಿದ ಮೇಲೂ ದಾರಿ ಇದೆಯಾ?

ನಿಮ್ಮ ತಮ್ಮನಿಗೆ ವಿರಾಜಪೇಟೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಂದು ವರ್ಷ ಶಿಕ್ಷೆಯಾಗಿದೆ, ಜೈಲಿನಲ್ಲಿದ್ದಾನೆ, ದುಡ್ಡು ಹೊಂದಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆಯಿತು, ಇನ್ನು ಅಪೀಲು ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಕೈಚೆಲ್ಲಬೇಡಿ.

ನಾನು ಮಡಿಕೇರಿಯಲ್ಲಿ ವಕೀಲರೊಬ್ಬರ ಗುಮಾಸ್ತ. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ ಇರುತ್ತದೆ. ದಾಟಿದರೆ, 1963ರ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವಿಳಂಬ ಮನ್ನಾ ಮಾಡಿ ಅಂತ ಅಪೀಲಿನ ಜೊತೆಗೇ ಅರ್ಜಿ, ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಕೊಡಬೇಕು.

ಮೊದಲು ತೀರ್ಪಿನ ಸರ್ಟಿಫೈಡ್ ಕಾಪಿಯ, ಅಂದರೆ ಕೋರ್ಟು ದೃಢೀಕರಿಸಿ ಕೊಡುವ ನಕಲಿನ, ಮೇಲಿನ ಮೊಹರು ನೋಡಿ. ಕಾಪಿಗೆ ಅರ್ಜಿ ಕೊಟ್ಟ ದಿನ, ಕಾಪಿ ರೆಡಿಯಾದ ದಿನ ಅಲ್ಲಿರುತ್ತದೆ. ಕಾಪಿ ತಯಾರಾಗಲು ಹಿಡಿದ ದಿನಗಳು ವಿಳಂಬದ ಲೆಕ್ಕಕ್ಕೆ ಸೇರುವುದಿಲ್ಲ. ಎಷ್ಟೋ ಜನ ಇದನ್ನು ಕಳೆಯದೆ ಸುಮ್ನೆ ಜಾಸ್ತಿ ದಿನ ತೋರಿಸುತ್ತಾರೆ.

ಇನ್ನು ಕಾರಣ. ಇಲ್ಲಿ ದಯವಿಟ್ಟು ನಿಜವನ್ನೇ ಬರೆಸಿ. ನನ್ನ ಚಿಕ್ಕಪ್ಪನಿಗೆ 2018ರ ಜುಲೈನಲ್ಲಿ ಶಿಕ್ಷೆಯಾಯಿತು. ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದೆವು. ಅಪೀಲು ಹಾಕುವಾಗ ಡಿಸೆಂಬರ್. ಜಾಂಡೀಸ್ ಆಗಿತ್ತು ಅಂತ ಬರೆದರೆ ಸಲೀಸು ಅಂದರು ಒಬ್ಬರು. ಚಿಕ್ಕಪ್ಪ ಒಪ್ಪಲಿಲ್ಲ. ಪರಿಹಾರ ಕೇಂದ್ರದಲ್ಲಿದ್ದ ದಿನಗಳಿಗೆ ಪತ್ರ ಇಟ್ಟೆವು. ಉಳಿದ ದಿನಗಳಿಗೆ, ಕೈಯಲ್ಲಿ ಕಾಸಿರಲಿಲ್ಲ, ಕಾಫಿ ಕುಯ್ಲು ಶುರುವಾಗಿ ಕೂಲಿ ಸಿಕ್ಕ ಮೇಲೆ ವಕೀಲರ ಹತ್ತಿರ ಬಂದೆ ಅಂತ ಇದ್ದದ್ದನ್ನೇ ಬರೆಸಿದರು. ಎದುರು ಕಡೆಯವರು ತಕರಾರು ತೆಗೆದರು. ಆದರೂ ನ್ಯಾಯಾಧೀಶರು ವಿಳಂಬ ಮನ್ನಾ ಮಾಡಿದರು. ಸುಳ್ಳು ಸರ್ಟಿಫಿಕೇಟ್ ಇಟ್ಟು ಸಿಕ್ಕಿಬಿದ್ದಿದ್ದರೆ ಅಪೀಲೂ ಹೋಗುತ್ತಿತ್ತು, ಹೊಸ ಕೇಸೂ ಬೀಳುತ್ತಿತ್ತು. ಮನ್ನಾ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ, ಅದು ಕೋರ್ಟಿಗೆ ಬಿಟ್ಟದ್ದು. ಆದರೆ ಜೈಲಿನಲ್ಲಿರುವವನ ಕಷ್ಟ ಕೋರ್ಟಿಗೆ ಅರ್ಥವಾಗದ್ದೇನಲ್ಲ ಅಲ್ವಾ?

ಅಪೀಲು ಹಾಕಿದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ. ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಅಂತ ಬೇರೆ ಅರ್ಜಿ ಬೇಕು. ಇದನ್ನು ಮರೆಯಲೇಬೇಡಿ, ಒಂದು ವರ್ಷದ ಶಿಕ್ಷೆಯಲ್ಲಿ ಪ್ರತಿ ವಾರವೂ ದೊಡ್ಡದು.

ದುಡ್ಡಿಗಾಗಿ ಇನ್ನು ಕಾಯಬೇಡಿ. ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಮಡಿಕೇರಿಯ ಜಿಲ್ಲಾ ಪ್ರಾಧಿಕಾರಕ್ಕೆ ನಾಳೆಯೇ ಹೋಗಿ. ಮುಂದಿನ ಸಲ ತಮ್ಮನನ್ನು ನೋಡಲು ಹೋಗುವಾಗ ವಕಾಲತ್ತು (ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರ) ಹಿಡಿದುಕೊಂಡೇ ಹೋಗಿ, ಜೈಲಿನ ಅಧಿಕಾರಿಯ ಮುಂದೆ ಸಹಿ ಮಾಡಿಸಿ ಅವರ ಮೊಹರು ಹಾಕಿಸಿಕೊಳ್ಳಿ.